ಕ್ಯಾಥೆಟರ್ ಮೂಲಕ ಹೃದಯ ಮತ್ತು ರಕ್ತನಾಳದ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಥ್ ಲ್ಯಾಬ್‌ನ (ಕ್ಯಾಥೆಟರ್ ಚಿಕಿತ್ಸೆ ನಡೆಯುವ ಕೊಠಡಿಯ) ಬಾಗಿಲಲ್ಲಿ ನಿಂತ ಮನೆಯವರ ಕೈಗೆ ಒಪ್ಪಿಗೆ ಪತ್ರ ಬಂದಾಗ ಸಹಿ ಹಾಕುವುದಕ್ಕೆ ಐದು ನಿಮಿಷವೂ ಸಿಗುವುದಿಲ್ಲ. ಆ ಅವಸರದಲ್ಲಿ ಕೇಳಲಾಗದ, ಕೇಳಿದರೂ ಉತ್ತರ ತಲೆಗೆ ಇಳಿಯದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೆಲವಕ್ಕೆ ಒಂದೆರಡು ಸಾಲು ಸಾಕು, ಕೆಲವಕ್ಕೆ ಪುಟವೂ ಸಾಲದು. ನಿಮ್ಮ ವಿಷಯದಲ್ಲಿ ತೀರ್ಮಾನ ಮಾತ್ರ ನಿಮ್ಮನ್ನು ಪರೀಕ್ಷಿಸಿದ ಡಾಕ್ಟರದ್ದು ಮತ್ತು ನಿಮ್ಮದು.

ಕ್ಯಾಥೆಟರ್ ಎಂದರೇನು? ಅದು ಹೃದಯದವರೆಗೆ ಹೋಗುವುದು ಹೇಗೆ?

ಕ್ಯಾಥೆಟರ್ ಎಂದರೆ ಉದ್ದನೆಯ, ಬಳುಕುವ, ಒಳಗೆ ಟೊಳ್ಳಾದ ಕೊಳವೆ. ಸಾಮಾನ್ಯವಾಗಿ ಬಳಸುವ ಕೊಳವೆಯ ದಪ್ಪ ಸುಮಾರು 2 ಮಿಲಿಮೀಟರ್. ಮಣಿಕಟ್ಟು ಅಥವಾ ತೊಡೆಸಂದಿಯ ಚರ್ಮವನ್ನು ಮರಗಟ್ಟಿಸಿ, ಸೂಜಿಯಿಂದ ರಕ್ತನಾಳವನ್ನು ಚುಚ್ಚಿ, ಸೂಜಿಯ ಒಳಗಿಂದ ತೆಳುವಾದ ತಂತಿಯೊಂದನ್ನು ಬಿಡುತ್ತಾರೆ. ಸೂಜಿ ಹೊರಗೆ ಬರುತ್ತದೆ, ತಂತಿ ಉಳಿಯುತ್ತದೆ, ತಂತಿಯ ಮೇಲೆ ಕೊಳವೆ ಜಾರುತ್ತದೆ. ಸ್ವೀಡನ್ನಿನ ಸೆಲ್ಡಿಂಗರ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಈ ಕ್ರಮವೇ ಇವತ್ತಿಗೂ ನಡೆಯುತ್ತಿದೆ. ಎಕ್ಸ್‌ರೇ ಪರದೆಯನ್ನು ನೋಡುತ್ತಾ ಕೊಳವೆಯನ್ನು ಮುಂದಕ್ಕೆ ನಡೆಸುತ್ತಾರೆ.

ರೋಗಿಗೆ ಎಚ್ಚರವಿರುತ್ತದೆ. ರಕ್ತನಾಳದ ಒಳಗೆ ಕೊಳವೆ ಓಡಾಡುವುದು ಗೊತ್ತೇ ಆಗುವುದಿಲ್ಲ ಎಂದು ಹೇಳಿದರೆ ಮೊದಲ ಸಲದವರು ನಂಬುವುದಿಲ್ಲ. ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಡೈ ಎಂಬ ದ್ರವ ಬಿಟ್ಟಾಗ ಮೈಯೆಲ್ಲ ಕ್ಷಣಕಾಲ ಬೆಚ್ಚಗಾಗಬಹುದು. ಕಿರಿದಾದ ನಾಳವನ್ನು ಹಿಗ್ಗಿಸಲು ಕೊಳವೆಯ ತುದಿಯ ಪುಟ್ಟ ಬಲೂನ್ ಉಬ್ಬಿಸಿದಾಗ ಕೆಲವು ಸೆಕೆಂಡು ಎದೆ ಹಿಡಿದಂತಾಗಬಹುದು. ಆಗ ಸುಮ್ಮನೆ ಸಹಿಸಿಕೊಳ್ಳಬೇಡಿ, ಬಾಯಿಬಿಟ್ಟು ಹೇಳಿ. ಡಾಕ್ಟರಿಗೆ ಅದೂ ಬೇಕಾದ ಮಾಹಿತಿಯೇ.

ಆಂಜಿಯೋಗ್ರಾಂ ಮತ್ತು ಆಂಜಿಯೋಪ್ಲಾಸ್ಟಿ ಎರಡೂ ಒಂದೇ ಅಲ್ಲವೇ?

ಅಲ್ಲ. ಆಂಜಿಯೋಗ್ರಾಂ ಡೈ ಬಿಟ್ಟು ರಕ್ತನಾಳವನ್ನು ನೋಡುವ ಪರೀಕ್ಷೆ, ಆಂಜಿಯೋಪ್ಲಾಸ್ಟಿ ಕಿರಿದಾದ ನಾಳವನ್ನು ಸರಿಪಡಿಸುವ ಚಿಕಿತ್ಸೆ. ಒಂದೇ ಸಲಕ್ಕೆ ಎರಡನ್ನೂ ಮುಗಿಸಬಹುದು. ಹೃದಯಾಘಾತವಾಗುತ್ತಿರುವಾಗ ಹಾಗೆಯೇ ಮಾಡಬೇಕು. ಆದರೆ ತುರ್ತು ಇಲ್ಲದಿದ್ದಾಗ, ‘ಮೊದಲು ಆಂಜಿಯೋಗ್ರಾಂ ಮಾಡಿ, ಚಿತ್ರಗಳನ್ನು ನಮಗೆ ತೋರಿಸಿ, ಆಮೇಲೆ ಮಾತನಾಡೋಣ’ ಎಂದು ಕೇಳುವುದು ನಿಮ್ಮ ಹಕ್ಕು. ಈ ಮಾತಿಗೆ ಒಳ್ಳೆಯ ಡಾಕ್ಟರು ಬೇಸರಪಟ್ಟುಕೊಳ್ಳುವುದಿಲ್ಲ.

ಇದೆಲ್ಲ ಶುರುವಾದದ್ದು ಹೇಗೆ?

ಒಬ್ಬ ಯುವ ವೈದ್ಯನ ಮೊಂಡುತನದಿಂದ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವೆರ್ನರ್ ಫೋರ್ಸ್‌ಮನ್, ಮೇಲಿನವರು ಬೇಡವೆಂದರೂ ಕೇಳದೆ, ಮೂತ್ರನಾಳಕ್ಕೆ ಬಳಸುವ ಕೊಳವೆಯನ್ನು ತನ್ನದೇ ತೋಳಿನ ರಕ್ತನಾಳಕ್ಕೆ 65 ಸೆಂಟಿಮೀಟರ್ ತೂರಿಸಿಕೊಂಡರು. ಕೊಳವೆ ಒಳಗಿರುವಾಗಲೇ ಎಕ್ಸ್‌ರೇ ಕೊಠಡಿಗೆ ನಡೆದು ಹೋಗಿ, ಅದರ ತುದಿ ಹೃದಯದಲ್ಲಿರುವುದನ್ನು ಚಿತ್ರ ಸಮೇತ ತೋರಿಸಿದರು. ಸಿಕ್ಕಿದ್ದು ಬೈಗುಳ. ಅವರು ಹೃದಯದ ಸಹವಾಸ ಬಿಟ್ಟು ಮೂತ್ರರೋಗ ತಜ್ಞರಾದರು. 1956ರಲ್ಲಿ ನೊಬೆಲ್ ಬಹುಮಾನ ಬಂತು. ಅದನ್ನು ಅವರೊಂದಿಗೆ ಹಂಚಿಕೊಂಡವರು ಈ ದಾರಿಯನ್ನು ಮುಂದೆ ಬೆಳೆಸಿದ ಕೂರ್ನಾಂ ಮತ್ತು ರಿಚರ್ಡ್ಸ್.

ನೋಡುವ ಕೊಳವೆ ಗುಣಪಡಿಸುವ ಕೊಳವೆಯಾದದ್ದು ಹೃದಯದಲ್ಲಲ್ಲ, ಕಾಲಿನಲ್ಲಿ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆಯೊಬ್ಬರ ಕಟ್ಟಿಕೊಂಡ ರಕ್ತನಾಳವನ್ನು ಕೊಳವೆಗಳಿಂದಲೇ ಹಿಗ್ಗಿಸಿದರು. ಕಾಲು ಉಳಿಯಿತು. ಆ ವಿಧಾನವನ್ನು ಕಲಿತ ಆಂಡ್ರಿಯಾಸ್ ಗ್ರುಂಟ್ಜಿಗ್, ಅಡುಗೆಮನೆಯ ಮೇಜಿನ ಮೇಲೆ ಬಲೂನ್‌ಗಳನ್ನು ಅಂಟಿಸಿ ಕಟ್ಟಿ ಪ್ರಯೋಗ ಮಾಡಿ, 1977ರ ಸೆಪ್ಟೆಂಬರ್ 16ರಂದು ಜೂರಿಕ್‌ನಲ್ಲಿ 38 ವರ್ಷದ ರೋಗಿಯೊಬ್ಬರ ಹೃದಯದ ರಕ್ತನಾಳವನ್ನು ಬಲೂನಿನಿಂದ ತೆರೆದರು. ಹತ್ತು ವರ್ಷದ ನಂತರ ಪರೀಕ್ಷಿಸಿದಾಗಲೂ ಆ ನಾಳ ತೆರೆದೇ ಇತ್ತು. ಅದನ್ನು ನೋಡಲು ಗ್ರುಂಟ್ಜಿಗ್ ಇರಲಿಲ್ಲ. 1985ರಲ್ಲಿ ತಾವೇ ಓಡಿಸುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ ತೀರಿಕೊಂಡಿದ್ದರು.

ಬಲೂನ್ ಸಾಕಾಗಿದ್ದರೆ ಸ್ಟೆಂಟ್ ಏಕೆ?

ಸಾಕಾಗಲಿಲ್ಲ. ಬಲೂನಿನಿಂದ ಮಾತ್ರ ತೆರೆದ ನಾಳಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು. ಅದಕ್ಕೆಂದೇ 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಸ್ಟೆಂಟ್ ಬಳಕೆಗೆ ಬಂತು. ಅದು ಬಾಲ್‌ಪೆನ್ನಿನ ಸ್ಪ್ರಿಂಗಿನಂತಹ, ಆದರೆ ಅದಕ್ಕಿಂತ ಎಷ್ಟೋ ನವುರಾದ ಲೋಹದ ಬಲೆ. ಬಲೂನಿನ ಮೇಲೆ ಮಡಚಿ ಕೂರಿಸಿದ ಈ ಬಲೆ, ಬಲೂನ್ ಉಬ್ಬಿದಾಗ ಹರಡಿಕೊಂಡು ನಾಳದ ಗೋಡೆಗೆ ಒತ್ತಿ ನಿಲ್ಲುತ್ತದೆ. ಬಲೂನ್ ಹೊರಗೆ ಬರುತ್ತದೆ, ಬಲೆ ಅಲ್ಲೇ ಉಳಿಯುತ್ತದೆ.

ಬರೀ ಲೋಹದ ಸ್ಟೆಂಟಿನ ಒಳಗೂ ಗಾಯ ಮಾಯುವ ಭರದಲ್ಲಿ ಅಂಗಾಂಶ ಬೆಳೆದು ದಾರಿ ಮುಚ್ಚುತ್ತಿತ್ತು. ಹಾಗಾಗಿ ಈಗ ಹಾಕುವ ಬಹುತೇಕ ಸ್ಟೆಂಟ್‌ಗಳಿಗೆ ಔಷಧದ ಲೇಪವಿರುತ್ತದೆ. ಅದು ನಿಧಾನವಾಗಿ ಹೊರಬಂದು ಆ ಬೆಳವಣಿಗೆಯನ್ನು ತಡೆಯುತ್ತದೆ. ಇಂತಹ ಔಷಧಗಳಲ್ಲಿ ಮೊದಲನೆಯದಾದ ಸಿರೋಲಿಮಸ್ ಸಿಕ್ಕಿದ್ದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಾಣುವಿನಿಂದ. ಎಲ್ಲಿಯ ಮಣ್ಣು, ಎಲ್ಲಿಯ ಎದೆ!

ರಿಪೋರ್ಟಿನಲ್ಲಿ ‘ಶೇ. 70 ಬ್ಲಾಕ್’ ಎಂದಿದೆ. ಸ್ಟೆಂಟ್ ಹಾಕಿಸಲೇಬೇಕೇ?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ. ಮನೆಗೆ ಬಂದ ನೆಂಟರೆಲ್ಲ ‘ಎಷ್ಟು ಪರ್ಸೆಂಟ್’ ಎಂದು ಕೇಳುತ್ತಾರೆ. ಕೇಳಬೇಕಾದದ್ದು ಅದಲ್ಲ. ಈ ರೋಗಿ ಯಾವ ಸ್ಥಿತಿಯಲ್ಲಿದ್ದಾರೆ ಎಂಬುದು ಮುಖ್ಯ.

ಹೃದಯಾಘಾತವಾಗುತ್ತಿದ್ದರೆ, ಅಥವಾ ಕುಳಿತಲ್ಲೇ ಎದೆನೋವು ಬರತೊಡಗಿ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಕ್ಯಾಥೆಟರ್ ಚಿಕಿತ್ಸೆ ಜೀವ ಉಳಿಸುತ್ತದೆ. ಅಲ್ಲಿ ಚೌಕಾಸಿ ಬೇಡ. ಆದರೆ ಮೆಟ್ಟಿಲು ಹತ್ತಿದಾಗ ಮಾತ್ರ ನೋವು ಬರುತ್ತದೆ, ನಿಂತರೆ ಹೋಗುತ್ತದೆ, ತಿಂಗಳುಗಟ್ಟಲೆ ಹಾಗೆಯೇ ಇದೆ ಎನ್ನುವವರ ವಿಷಯ ಬೇರೆ. ಇಂತಹ ಸ್ಥಿರ ಸ್ಥಿತಿಯವರ ಮೇಲೆ ನಡೆದ ಎರಡು ದೊಡ್ಡ ಅಧ್ಯಯನಗಳು, 2007ರ ಕರೇಜ್ ಮತ್ತು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ, ಒಂದೇ ದಿಕ್ಕನ್ನು ತೋರಿಸಿದವು. ಸರಿಯಾದ ಮಾತ್ರೆಗಳ ಜೊತೆಗೆ ಆರಂಭದಲ್ಲೇ ಸ್ಟೆಂಟ್ ಹಾಕಿದವರಿಗೂ, ಮಾತ್ರೆಗಳಿಂದಲೇ ಶುರು ಮಾಡಿದವರಿಗೂ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಸ್ಕೀಮಿಯಾದಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಅದರಲ್ಲಿ ಸ್ಟೆಂಟ್ ಗುಂಪಿನ ಕೆಲವರಿಗೆ ಸ್ಟೆಂಟಿನ ಬದಲು ಬೈಪಾಸ್ ಶಸ್ತ್ರಚಿಕಿತ್ಸೆ ಆಗಿತ್ತು. ಮೊದಲಿಂದಲೂ ಎದೆನೋವು ಇದ್ದವರಿಗೆ ನೋವು ಕಡಿಮೆಯಾಗಿದ್ದು ಸ್ಟೆಂಟಿನ ನಿಜವಾದ ಲಾಭ.

ಇದಕ್ಕೆ ಕಾರಣವಿದೆ. ಹೃದಯಾಘಾತ ಆಗುವುದು ನಾಳ ನಿಧಾನವಾಗಿ ಮುಚ್ಚಿ ಮುಚ್ಚಿ ಕೊನೆಗೊಂದು ದಿನ ಪೂರ್ತಿ ಮುಚ್ಚಿದ್ದರಿಂದಲೇ ಎಂದುಕೊಂಡಿದ್ದೇವೆ. ಎಷ್ಟೋ ಸಲ ಆಗುವುದು ಬೇರೆ: ಅಷ್ಟೇನೂ ಕಿರಿದಾಗಿರದ ಜಾಗದಲ್ಲಿ ಗೋಡೆಯೊಳಗಿನ ಕೊಬ್ಬಿನ ಗಂಟು ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಸ್ಟೆಂಟ್ ಸರಿಪಡಿಸುವುದು ಎರಡು ಸೆಂಟಿಮೀಟರ್ ಜಾಗವನ್ನು. ಮಾತ್ರೆ, ತಂಬಾಕು ಬಿಡುವುದು, ಸಕ್ಕರೆ ಮತ್ತು ರಕ್ತದೊತ್ತಡದ ಹಿಡಿತ, ಇವು ಕೆಲಸ ಮಾಡುವುದು ಇಡೀ ನಾಳದ ಮೇಲೆ.

ಶೇಕಡಾವಾರು ಲೆಕ್ಕವೂ ಬಹುಪಾಲು ಕಣ್ಣಂದಾಜಿನದು. ನಡುವಿನ ಮಟ್ಟದ ಬ್ಲಾಕ್ ಇದ್ದರೆ, ಒತ್ತಡ ಅಳೆಯುವ ತಂತಿಯನ್ನು ಅದರಾಚೆಗೆ ಕಳಿಸಿ ರಕ್ತದ ಹರಿವಿಗೆ ನಿಜವಾಗಿ ಅಡ್ಡಿಯಿದೆಯೇ ಎಂದು ನೋಡಬಹುದು. ಎಫ್‌ಎಫ್‌ಆರ್ ಎಂಬ ಆ ಅಳತೆ 0.80ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸ್ಟೆಂಟ್ ಬೇಕಿಲ್ಲ. ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಎಡ ಮುಖ್ಯ ನಾಳದ ಬ್ಲಾಕ್, ಹೃದಯದ ಪಂಪ್ ಶಕ್ತಿ ತುಂಬಾ ಕುಗ್ಗಿರುವುದು, ಮಾತ್ರೆಗೂ ಬಗ್ಗದ ನೋವು: ಇವಕ್ಕೆ ಈ ಸಮಾಧಾನದ ಮಾತು ಅನ್ವಯಿಸುವುದಿಲ್ಲ.

ಎದೆನೋವು ಈಗಲೇ ಶುರುವಾಗಿದೆ. ದೊಡ್ಡ ಆಸ್ಪತ್ರೆ ದೂರವಿದೆ. ಏನು ಮಾಡುವುದು?

ಓದುವುದನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಿ.

ಉಳಿದವರಿಗೆ ವಿವರ. ನಮ್ಮಲ್ಲಿ ಹೃದಯಾಘಾತದ ಮೊದಲ ಶತ್ರು ‘ಗ್ಯಾಸ್ಟ್ರಿಕ್ ಇರಬೇಕು’ ಎಂಬ ಊಹೆ. ಸೋಡಾ ಕುಡಿದು, ಮಾತ್ರೆ ನುಂಗಿ, ಬೆಳಗಾಗಲಿ ಎಂದು ಕಾಯುವಷ್ಟರಲ್ಲಿ ಹೃದಯದ ಸ್ನಾಯು ಸತ್ತಿರುತ್ತದೆ. ಮಧುಮೇಹಿಗಳಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಸಿರಾಟದ ತೊಂದರೆ ಮಾತ್ರ ಇರಬಹುದು. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಯಾದರೆ 90 ನಿಮಿಷದೊಳಗೆ ನಾಳ ತೆರೆಯಬೇಕೆಂಬುದು ಗುರಿ. ಎರಡು ಗಂಟೆಯೊಳಗೆ ಅದು ಸಾಧ್ಯವೇ ಇಲ್ಲ ಎಂದಾದರೆ ಮೊದಲು ಹೆಪ್ಪು ಕರಗಿಸುವ ಚುಚ್ಚುಮದ್ದು, ಆಮೇಲೆ ಪ್ರಯಾಣ.

ಕರ್ನಾಟಕದಲ್ಲಿ ಇದಕ್ಕೆಂದೇ 2024ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಹಾಗಾಗಿ ನೇರವಾಗಿ ಬೆಂಗಳೂರಿಗೇ ಹೋಗೋಣ ಎಂದು ಐದು ಗಂಟೆ ಕಾರು ಓಡಿಸುವುದಕ್ಕಿಂತ ಹತ್ತಿರದ ಸರ್ಕಾರಿ ಆಸ್ಪತ್ರೆಯ ಇಸಿಜಿ ಮೇಲು.

ಸ್ಟೆಂಟ್ ಒಳ್ಳೆಯದೋ ಬೈಪಾಸ್ ಒಳ್ಳೆಯದೋ?

ಒಂದೆರಡು ಕಡೆ ಸರಳವಾದ ಬ್ಲಾಕ್ ಇದ್ದರೆ ಸ್ಟೆಂಟ್. ಮಧುಮೇಹವಿದ್ದು ಹೃದಯದ ಮೂರೂ ಮುಖ್ಯ ನಾಳಗಳಲ್ಲಿ ತೊಂದರೆಯಿದ್ದರೆ ಬೈಪಾಸ್ ಕಡೆಗೆ ತಕ್ಕಡಿ ವಾಲುತ್ತದೆ. 1,900 ಮಧುಮೇಹಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಫ್ರೀಡಂ ಅಧ್ಯಯನದಲ್ಲಿ ಬೈಪಾಸ್ ಆದವರೇ ಹೆಚ್ಚು ಮಂದಿ ಬದುಕುಳಿದರು, ಪಾರ್ಶ್ವವಾಯು ಮಾತ್ರ ಅವರಲ್ಲಿ ತುಸು ಹೆಚ್ಚಿತ್ತು. ಎದೆ ಸೀಳುವ ಭಯದಿಂದ ‘ಐದಾದರೂ ಸರಿ, ಸ್ಟೆಂಟೇ ಹಾಕಿ’ ಎನ್ನುವವರು ಶಸ್ತ್ರಚಿಕಿತ್ಸಕರ ಮಾತನ್ನೂ ಒಮ್ಮೆ ಕೇಳಲಿ.

ಕೈಯಿಂದ ಮಾಡುವುದು ಮೇಲೋ, ತೊಡೆಯಿಂದಲೋ?

ಸಾಧ್ಯವಾದರೆ ಕೈ. ರಕ್ತಸ್ರಾವ ಕಡಿಮೆ, ಬೇಗ ಎದ್ದು ಓಡಾಡಬಹುದು. ತೊಡೆಯಿಂದ ಮಾಡಿದರೆ ಕೆಲವು ಗಂಟೆ ಕಾಲು ಮಡಚದೆ ಮಲಗಬೇಕು. ಕೈಯ ನಾಳ ತೀರಾ ಸಣ್ಣದಿದ್ದರೆ, ಡಯಾಲಿಸಿಸ್‌ಗೆಂದು ಕೈಯನ್ನು ಉಳಿಸಿಕೊಳ್ಳಬೇಕಾದರೆ, ದೊಡ್ಡ ಸಲಕರಣೆ ಬೇಕಾದರೆ ತೊಡೆಯೇ ಗತಿ. ಮನೆಗೆ ಬಂದ ಮೇಲೆ ಚುಚ್ಚಿದ ಜಾಗ ಊದಿಕೊಂಡರೆ, ರಕ್ತ ಜಿನುಗಿದರೆ ಅಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ. ಬೆರಳುಗಳು ತಣ್ಣಗಾದರೆ ಒತ್ತದೆ ತಕ್ಷಣ ಆಸ್ಪತ್ರೆಗೆ ಹೋಗಿ.

ವಾಲ್ವ್ ತೊಂದರೆಗೂ ಆಪರೇಷನ್ ಇಲ್ಲದೆ ಚಿಕಿತ್ಸೆ ಇದೆಯಂತೆ, ನಿಜವೇ?

ನಿಜ, ಮತ್ತು ನಮ್ಮ ನಾಡಿಗೆ ಇದು ಸ್ಟೆಂಟಿನಷ್ಟೇ ಮುಖ್ಯವಾದ ಸಂಗತಿ. ಬಾಲ್ಯದಲ್ಲಿ ಬಂದ ಗಂಟಲು ಸೋಂಕನ್ನು ಕಡೆಗಣಿಸಿದರೆ ಕೆಲವು ಮಕ್ಕಳಿಗೆ ಸಂಧಿವಾತ ಜ್ವರ ಬರುತ್ತದೆ. ಜ್ವರ ಹೋಗುತ್ತದೆ, ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ (ಕವಾಟ) ಮಾತ್ರ ವರ್ಷಗಳ ಮೇಲೆ ಅಂಟಿಕೊಂಡು ಕಿರಿದಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಮರೆತುಹೋದ ಕಾಯಿಲೆ. ನಮ್ಮಲ್ಲಿ ಇಪ್ಪತ್ತು, ಮೂವತ್ತರ ಹೆಣ್ಣುಮಕ್ಕಳಲ್ಲಿ ಇನ್ನೂ ಕಾಣುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಾಗುವುದೇ ಗರ್ಭಿಣಿಯಾಗಿ ಉಸಿರು ಕಟ್ಟಿದಾಗ.

ಜಪಾನಿನ ಕಾಂಜಿ ಇನೋವೆ 1980ರ ದಶಕದ ಆರಂಭದಲ್ಲಿ ಇದಕ್ಕೊಂದು ಬಲೂನ್ ರೂಪಿಸಿದರು. ತೊಡೆಯ ರಕ್ತನಾಳದಿಂದ ಹೃದಯದ ಬಲಭಾಗಕ್ಕೆ ಹೋಗಿ, ನಡುವಿನ ಗೋಡೆಯನ್ನು ಚುಚ್ಚಿ ಎಡಭಾಗಕ್ಕೆ ದಾಟಿ, ಅಂಟಿಕೊಂಡ ವಾಲ್ವಿನ ನಡುವೆ ಬಲೂನ್ ಉಬ್ಬಿಸಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಆ ಕ್ಷಣದಲ್ಲೇ ಒತ್ತಡ ಇಳಿಯುವುದು ಪರದೆಯ ಮೇಲೆ ಕಾಣುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೆಸರಾಗಿರುವುದು ಈ ಚಿಕಿತ್ಸೆಗೂ ಹೌದು. ವಾಲ್ವ್ ಸುಣ್ಣಗಟ್ಟಿದ್ದರೆ, ಸೋರಿಕೆ ಹೆಚ್ಚಿದ್ದರೆ, ಹೃದಯದ ಕೋಣೆಯಲ್ಲಿ ರಕ್ತದ ಗಡ್ಡೆಯಿದ್ದರೆ ಬಲೂನ್ ಮಾಡುವಂತಿಲ್ಲ. ಚಿಕಿತ್ಸೆಯಾದ ಮೇಲೂ ಮೂರು ನಾಲ್ಕು ವಾರಕ್ಕೊಮ್ಮೆಯ ಪೆನಿಸಿಲಿನ್ ಚುಚ್ಚುಮದ್ದನ್ನು ಡಾಕ್ಟರು ಹೇಳಿದಷ್ಟು ವರ್ಷ ಮುಂದುವರಿಸಬೇಕು. ಮದುವೆಯಾಗಿ ಊರು ಬದಲಾದಾಗ ತಪ್ಪಿಹೋಗುವುದು ಈ ಚುಚ್ಚುಮದ್ದೇ.

ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ದಾರಿಯಲ್ಲಿದ್ದು, ವಯಸ್ಸಾದವರಲ್ಲಿ ಸುಣ್ಣಗಟ್ಟುವ ಅಯೋರ್ಟಿಕ್ ವಾಲ್ವಿನ ಕಥೆ ಬೇರೆ. ಅದನ್ನು ಬಲೂನಿನಿಂದ ಹಿಗ್ಗಿಸಿದರೆ ಲಾಭ ಹೆಚ್ಚು ದಿನ ನಿಲ್ಲದು. ಹೊಸ ವಾಲ್ವನ್ನೇ ಮಡಚಿ ಕೊಳವೆಯಲ್ಲಿ ಕೊಂಡೊಯ್ದು ಕೂರಿಸುವ ಚಿಕಿತ್ಸೆಯನ್ನು ಫ್ರಾನ್ಸಿನ ರೂಆನ್‌ನಲ್ಲಿ ಅಲಾಂ ಕ್ರಿಬಿಯೆ 2002ರ ಏಪ್ರಿಲ್‌ನಲ್ಲಿ ಮೊದಲು ಮಾಡಿದರು. ಟಾವಿ ಎಂದು ಕರೆಯುವ ಇದು ತೆರೆದ ಶಸ್ತ್ರಚಿಕಿತ್ಸೆ ತಾಳಲಾರದ ಹಿರಿಯರಿಗೆ ವರದಾನ. ಬೆಲೆ ಹಲವು ಲಕ್ಷ ರೂಪಾಯಿ.

ಮಗುವಿನ ಹೃದಯದಲ್ಲಿ ರಂಧ್ರ ಇದೆ ಎಂದರು. ಕ್ಯಾಥೆಟರಿನಿಂದಲೇ ಮುಚ್ಚಬಹುದೇ?

ರಂಧ್ರ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಮೇಲಿನ ಕೋಣೆಗಳ ನಡುವಿನ ಗೋಡೆಯ ಮಧ್ಯಭಾಗದಲ್ಲಿದ್ದು, ಸುತ್ತಲೂ ಸಾಕಷ್ಟು ಅಂಚಿದ್ದರೆ, ನೈಟಿನಾಲ್ ಎಂಬ ಲೋಹದ ತಂತಿಯಿಂದ ಹೆಣೆದ ಎರಡು ಬಿಲ್ಲೆಗಳ ಸಾಧನದಿಂದ ಮುಚ್ಚುತ್ತಾರೆ. ಹುಟ್ಟಿದ ಮೇಲೆ ಮುಚ್ಚದೆ ಉಳಿದ ಪಿಡಿಎ ನಾಳವನ್ನೂ ಹೀಗೆಯೇ ಮುಚ್ಚಬಹುದು. ಗೋಡೆಯ ಅಂಚಿನಲ್ಲಿರುವ ರಂಧ್ರಗಳಿಗೆ ಶಸ್ತ್ರಚಿಕಿತ್ಸೆಯೇ ಬೇಕು. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಅದಕ್ಕಾಗಿ ಕಾಯುವುದೂ ಚಿಕಿತ್ಸೆಯ ಭಾಗವೇ. ಆದರೆ ದೊಡ್ಡ ರಂಧ್ರವನ್ನು ‘ಮದುವೆ ವಯಸ್ಸಿಗೆ ನೋಡೋಣ’ ಎಂದು ಮುಂದೂಡಿದರೆ ಶ್ವಾಸಕೋಶದ ಒತ್ತಡ ಏರಿ, ಮುಚ್ಚಲೇ ಆಗದ ಹಂತಕ್ಕೆ ಹೋಗಬಹುದು.

ನಡೆದರೆ ಮೀನಖಂಡ ಹಿಡಿಯುತ್ತದೆ. ಅದಕ್ಕೂ ಹೃದಯದ ಡಾಕ್ಟರಿಗೂ ಏನು ಸಂಬಂಧ?

ಬಹಳ ಇದೆ. ಇಷ್ಟು ದೂರ ನಡೆದರೆ ನೋವು, ನಿಂತರೆ ಮಾಯ ಎಂಬ ಲೆಕ್ಕ ತಪ್ಪದೆ ಬರುತ್ತಿದ್ದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಪಾದದ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸುವ ಸರಳ ಪರೀಕ್ಷೆ ಸಾಕು, ಅನುಪಾತ 0.9ರ ಒಳಗಿದ್ದರೆ ತೊಂದರೆಯಿದೆ. ಅಂಥವರ ಹೃದಯ, ಮೆದುಳಿನ ನಾಳಗಳಲ್ಲೂ ಕಾಯಿಲೆ ಇರುವ ಸಂಭವ ಹೆಚ್ಚು. ಬೀಡಿ, ಸಿಗರೇಟು ಬಿಟ್ಟು, ನೋವು ಬರುವವರೆಗೆ ನಡೆದು ನಿಂತು ಮತ್ತೆ ನಡೆಯುವ ಅಭ್ಯಾಸದಿಂದಲೇ ಬಹಳ ಜನರ ನಡಿಗೆಯ ದೂರ ಹೆಚ್ಚುತ್ತದೆ. ಮಧುಮೇಹಿಯ ಪಾದದಲ್ಲಿ ಮಾಯದ ಹುಣ್ಣು, ಕಪ್ಪಾಗುತ್ತಿರುವ ಬೆರಳು ಇದ್ದರೆ ಮಾತ್ರ ತಡ ಮಾಡಬಾರದು. ಬೆರಳು ಕತ್ತರಿಸುವ ಮೊದಲು ‘ರಕ್ತದ ಹರಿವು ನೋಡಿದ್ದೀರಾ, ಬಲೂನ್ ಮಾಡಲು ಬರುತ್ತದೆಯೇ’ ಎಂದು ಕೇಳಿ.

ಪಾರ್ಶ್ವವಾಯುವಿಗೆ?

ಮೆದುಳಿನ ದೊಡ್ಡ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದ್ದರೆ ಕ್ಯಾಥೆಟರಿನಿಂದ ಅದನ್ನು ಎಳೆದು ತೆಗೆಯಬಹುದು. 2015ರಲ್ಲಿ ಸಾಲಾಗಿ ಬಂದ ಅಧ್ಯಯನಗಳು ಇದರ ಲಾಭವನ್ನು ಸ್ಪಷ್ಟವಾಗಿ ತೋರಿಸಿದವು. ಆರು ಗಂಟೆಯೊಳಗೆ ಉತ್ತಮ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಸಾಧ್ಯ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಟಿ ಎಣ್ಣೆ ಹುಡುಕುತ್ತಾ ಕೂರಬೇಡಿ.

ಅಪಾಯ ಎಷ್ಟು?

ತುರ್ತಲ್ಲದ ಆಂಜಿಯೋಗ್ರಾಂನಲ್ಲಿ ಪ್ರಾಣಾಪಾಯ ಸಾವಿರಕ್ಕೆ ಒಂದರ ಆಸುಪಾಸು. ಆಂಜಿಯೋಪ್ಲಾಸ್ಟಿಯಲ್ಲಿ ಅದಕ್ಕಿಂತ ಹೆಚ್ಚು, ಹೃದಯಾಘಾತದ ನಡುವೆ ಮಾಡುವಾಗ ಇನ್ನೂ ಹೆಚ್ಚು. ರಕ್ತಸ್ರಾವ, ನಾಳಕ್ಕೆ ಗಾಯ, ಪಾರ್ಶ್ವವಾಯು, ಡೈಯಿಂದ ಅಲರ್ಜಿ ಆಗಬಹುದು. ಜನ ಮರೆಯುವುದು ಮೂತ್ರಪಿಂಡವನ್ನು. ಡೈ ಅದಕ್ಕೆ ಹೊರೆ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಹೆಚ್ಚಿದ್ದರೆ ಮೊದಲೇ ಹೇಳಿ. ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನೂ, ಗರ್ಭಿಣಿಯಾಗಿರಬಹುದಾದರೆ ಅದನ್ನೂ ಹೇಳಿ.

ಸ್ಟೆಂಟ್ ಹಾಕಿದ ಮೇಲೆ ಮಾತ್ರೆ ಎಷ್ಟು ದಿನ?

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಸಾಮಾನ್ಯವಾಗಿ ಜೀವನಪರ್ಯಂತ. ಅದರ ಜೊತೆಗೆ ಅದೇ ಕೆಲಸದ ಇನ್ನೊಂದು ಮಾತ್ರೆ, ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್. ಹೃದಯಾಘಾತವಾಗಿದ್ದರೆ ಸುಮಾರು ಒಂದು ವರ್ಷ, ಸ್ಥಿರ ಸ್ಥಿತಿಯಲ್ಲಿ ಹಾಕಿದ್ದರೆ ಸುಮಾರು ಆರು ತಿಂಗಳು. ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ಡಾಕ್ಟರು ಇದನ್ನು ಕಡಿಮೆ ಮಾಡಬಹುದು. ಡಾಕ್ಟರು, ನೀವಲ್ಲ. ಮೊದಲ ತಿಂಗಳುಗಳಲ್ಲಿ ಈ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು, ಅದರಲ್ಲಿ ಸಾಯುವವರು ಕಡಿಮೆಯಿಲ್ಲ. ಹಲ್ಲು ಕೀಳಿಸಬೇಕು, ಮಾತ್ರೆ ಉಷ್ಣವಾಗುತ್ತದೆ, ಹೊಟ್ಟೆ ಉರಿ, ಜಾತ್ರೆಗೆ ಹೋದಾಗ ಮರೆತೆ: ಇವು ಯಾವುವೂ ಕಾರಣಗಳಲ್ಲ. ಹಲ್ಲಿನ ಡಾಕ್ಟರು ನಿಲ್ಲಿಸಿ ಎಂದರೂ ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡಿ.

ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯದಿಂದ ಬ್ಲಾಕ್ ಕರಗುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ.

ಕರಗುವುದಿಲ್ಲ. ಸಾರಿಗೆ ಹಾಕಿ, ರುಚಿಯಾಗಿರುತ್ತದೆ. ಕೊಬ್ಬಿನ ಗಂಟನ್ನು ಗಟ್ಟಿಗೊಳಿಸಿ ಒಡೆಯದಂತೆ ಕಾಯುವುದು, ಕೆಲವೊಮ್ಮೆ ತುಸು ಕುಗ್ಗಿಸುವುದು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ. ಕೊಲೆಸ್ಟರಾಲ್ ನಾರ್ಮಲ್ ಬಂದ ಕೂಡಲೇ ಅದನ್ನು ಬಿಟ್ಟುಬಿಡುವವರಿದ್ದಾರೆ. ನಾರ್ಮಲ್ ಬಂದದ್ದೇ ಅದರಿಂದ.

ಸ್ಟೆಂಟಿನ ಆಯುಷ್ಯ ಎಷ್ಟು ವರ್ಷ? ಎಂಆರ್‌ಐ, ವಿಮಾನ, ಕೆಲಸ?

ಸ್ಟೆಂಟಿಗೆ ಅವಧಿ ಎಂಬುದಿಲ್ಲ, ಅದನ್ನು ಬದಲಿಸುವುದೂ ಇಲ್ಲ. ಮತ್ತೆ ನೋವು ಬಂದರೆ ಅದೇ ಜಾಗ ಕಿರಿದಾಗಿರಬಹುದು, ಬೇರೆ ಕಡೆ ಹೊಸ ಬ್ಲಾಕ್ ಆಗಿರಬಹುದು. ಈಗಿನ ಸ್ಟೆಂಟ್‌ಗಳೊಂದಿಗೆ ಎಂಆರ್‌ಐ ಮಾಡಿಸಬಹುದು. ವಿಮಾನ ನಿಲ್ದಾಣದ ತಪಾಸಣೆಯಿಂದ ಸ್ಟೆಂಟಿಗೆ ತೊಂದರೆಯಿಲ್ಲ. ತುರ್ತಿಲ್ಲದೆ ಮಾಡಿಸಿಕೊಂಡವರು ಸಾಮಾನ್ಯವಾಗಿ ಒಂದು ವಾರದಲ್ಲಿ ಮೇಜಿನ ಕೆಲಸಕ್ಕೆ ಮರಳುತ್ತಾರೆ. ಹೃದಯಾಘಾತವಾದವರಿಗೆ, ಗದ್ದೆ ಕೆಲಸ, ಮೂಟೆ ಹೊರುವವರಿಗೆ ಹೆಚ್ಚು ಸಮಯ ಬೇಕು.

ಖರ್ಚಿನ ಬಗ್ಗೆ ಏನು ಗಮನಿಸಬೇಕು?

2017ರ ಫೆಬ್ರುವರಿಯವರೆಗೆ ಔಷಧ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷ ರೂಪಾಯಿ ಮೀರಿ ವಸೂಲಿಯಾಗುತ್ತಿದ್ದುದು ಸಾಮಾನ್ಯ. ಆ ತಿಂಗಳು ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಆಮೇಲೆ ಮಿತಿ ಪರಿಷ್ಕರಣೆಯಾಗುತ್ತಾ ಬಂದಿದೆ. ಆದರೆ ಮಿತಿ ಇರುವುದು ಸ್ಟೆಂಟಿಗೆ. ಬಲೂನ್, ತಂತಿ, ಕೊಠಡಿ, ಡಾಕ್ಟರ ಶುಲ್ಕ ಬೇರೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು ಮತ್ತು ಬೆಲೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹೃದ್ರೋಗ ಚಿಕಿತ್ಸೆಗಳು ಸೇರಿವೆ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ, ದಾಖಲಾಗುವಾಗಲೇ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ವಿಚಾರಿಸಿ.

ಮನೆಗೆ ಹೊರಡುವಾಗ ಯಾವ ಕಾಗದಪತ್ರ ಕೇಳಿ ಪಡೆಯಬೇಕು?

ಡಿಸ್ಚಾರ್ಜ್ ಸಾರಾಂಶ, ಆಂಜಿಯೋಗ್ರಾಂ ಚಿತ್ರಗಳಿರುವ ಸಿಡಿ, ಸ್ಟೆಂಟ್ ಅಥವಾ ಸಾಧನದ ಪೊಟ್ಟಣದ ಮೇಲಿದ್ದ ಸ್ಟಿಕರ್. ಮೂರರ ಫೋಟೋವನ್ನೂ, ಮಾತ್ರೆ ಚೀಟಿಯ ಫೋಟೋವನ್ನೂ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಬೇರೆ ಊರಿನ ಆಸ್ಪತ್ರೆಯ ಡಾಕ್ಟರು ಕೇಳುವುದು ‘ಯಾವ ನಾಳಕ್ಕೆ ಹಾಕಿದ್ದಾರೆ, ಯಾವಾಗ, ಯಾವ ಮಾತ್ರೆ ನಡೆಯುತ್ತಿದೆ’ ಎಂದು.